ಮೇವಿಸ್ ಕ್ಲೆಗ್‌ಳ ಮಿಠಾಯಿ ಸರ

ಥಾರ್ನ್‌ಕ್ಲಫ್‌ನಲ್ಲಿ ಐವತ್ತರ ಒಳಗಿನ ಯಾರನ್ನಾದರೂ ಹಿಡಿದು ಕೇಳಿ, ಮೇವಿಸ್ ಕ್ಲೆಗ್ ಕೈಯ ಕಸ್ಟರ್ಡ್ ತಿನ್ನದೆ ದೊಡ್ಡವರಾದವರು ಒಬ್ಬರೂ ಸಿಕ್ಕುವುದಿಲ್ಲ. ಊರ ಶಾಲೆಯ ಊಟದ ಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದ ಹೆಂಗಸು ಆಕೆ. ಸಾಕು ಎಂದ ಮಗುವಿಗೆ ಒಂದು ಸೌಟು, ಇನ್ನೂ ಬೇಕು ಎಂದ ಮಗುವಿಗೆ ಎರಡು ಸೌಟು. ಬೇಡವೇ ಬೇಡ ಎನ್ನುವುದಕ್ಕೆ ಆಕೆಯ ಸಾಲಿನಲ್ಲಿ ಜಾಗವಿರಲಿಲ್ಲ. ಈಗ ಮಾಂಸದ ಅಂಗಡಿ ಇಟ್ಟಿರುವ ಟ್ರೆವರ್ ಆರಡಿ ಎತ್ತರದ ಆಸಾಮಿ. ಬೀದಿಯಲ್ಲಿ ಮೇವಿಸ್ ಎದುರಾದರೆ ಇವತ್ತಿಗೂ ಎರಡು ಅಂಗೈಯನ್ನೂ ಮುಂದೆ ಚಾಚಿ, "ಕೈ ತೊಳ್ಕೊಂಡಿದೀನಿ ಮಿಸೆಸ್ ಕ್ಲೆಗ್" ಎನ್ನುತ್ತಾನೆ.

ಇಷ್ಟು ಜನಕ್ಕೆ ಕಸ್ಟರ್ಡ್ ಬಡಿಸಿದವಳು ತಾನು ಒಂದು ಚಮಚ ಬಾಯಿಗಿಡಬೇಕಾದರೆ ಮೊದಲು ಮನಸ್ಸಿನಲ್ಲೇ ಕೂಡಿ ಕಳೆದು ಸೂಜಿ ಚುಚ್ಚಿಕೊಳ್ಳಬೇಕಿತ್ತು. ಒಂಬತ್ತನೆಯ ವಯಸ್ಸಿಗೇ ಸಕ್ಕರೆ ಕಾಯಿಲೆ. ವಯಸ್ಸಾದ ಮೇಲೆ ಬರುವ ಬಗೆಯದಲ್ಲ, ಎಳೆಯ ಮಕ್ಕಳನ್ನು ಹಿಡಿದು ಜೀವಮಾನವಿಡೀ ಬಿಡದ ಬಗೆಯದು. ಅವಳಮ್ಮ ಗಾಜಿನ ಸಿರಿಂಜನ್ನು ಪುಟ್ಟ ಪಾತ್ರೆಯೊಂದರಲ್ಲಿ ಕುದಿಸುತ್ತಿದ್ದಳು. ಆಮೇಲೆ ಅದೇ ಪಾತ್ರೆಯಲ್ಲಿ ಅಪ್ಪನಿಗೆ ಮೊಟ್ಟೆ. ಸೂಜಿ ಮೊಂಡಾದರೆ ಅಪ್ಪ ಕಲ್ಲಿಗೆ ಉಜ್ಜಿ ಮೊನೆ ಮಾಡಿ ಕೊಡುತ್ತಿದ್ದ. ಮೇವಿಸ್ ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಾಳೆ, ಕೇಳುವವರು ತಮ್ಮ ತೊಡೆ ಸವರಿಕೊಳ್ಳುತ್ತಾರೆ.

ಅವಳ ಮನೆಯ ಕಪಾಟಿನ ಮೇಲೆ ಒಂದು ಹಳೆಯ ಫೋಟೊ ಇದೆ. ಬಿಗಿಯಾದ ಕಾಲರಿನ ಅಂಗಿ ತೊಟ್ಟು, ಕುರ್ಚಿಯ ಬೆನ್ನು ಹಿಡಿದು ನಿಂತ ಹುಡುಗ. ಹೆರಾಲ್ಡ್, ಮೇವಿಸಳ ಸೋದರಮಾವ. ಅವನಿಗೂ ಇದೇ ಕಾಯಿಲೆ ಬಂದಿತ್ತು. ನೀರಡಿಕೆ ತಾಳಲಾರದೆ ಹಿತ್ತಲಿನಲ್ಲಿ ಮಳೆನೀರು ತುಂಬಿದ ಪೀಪಾಯಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದನಂತೆ. ಹನ್ನೊಂದನೆಯ ವಯಸ್ಸಿಗೆ ಹೋಗಿಬಿಟ್ಟ. ಅವನು ಹೋದ ಎರಡು ವರ್ಷಕ್ಕೆ ಇನ್ಸುಲಿನ್ ಬಂತು.

"ಮಾವನಿಗೂ ನನಗೂ ಒಂದೇ ಕಾಯಿಲೆ," ಎನ್ನುತ್ತಾಳೆ ಮೇವಿಸ್, ಫೋಟೊದ ಧೂಳು ಒರೆಸುತ್ತ. "ವ್ಯತ್ಯಾಸ ಏನಂದ್ರೆ, ನಡುವೆ ಯಾರೋ ಪುಣ್ಯಾತ್ಮರು ಪ್ರಯೋಗಶಾಲೇಲಿ ಕೂತು ತಲೆ ಕೆಡಿಸ್ಕೊಂಡ್ರು. ಅಷ್ಟೇ."

ಗಂಡ ಡೆನಿಸ್ ನೇಯ್ಗೆ ಗಿರಣಿಯ ಸದ್ದಿನಲ್ಲಿ ದುಡಿದು ಅರ್ಧ ಕಿವುಡಾದವನು. ಮನೆ ಚರ್ಚಿನ ಗೋಡೆಗೆ ಒತ್ತಿಕೊಂಡೇ ಇದೆ. ಘಂಟೆಗಳ ಸದ್ದಿಗೆ ಊರಿನಲ್ಲಿ ಒಂದು ದಿನವೂ ಗೊಣಗದ ಗಂಡಸು ಡೆನಿಸ್ ಒಬ್ಬನೇ. ಅದು ಒಳ್ಳೆಯದೇ ಆಯಿತು, ಯಾಕೆಂದರೆ ಮೇವಿಸಳ ಜೀವ ಇರುವುದೇ ಆ ಘಂಟೆಗಳಲ್ಲಿ. ಮದುವೆಯಾದ ಹೊಸದರಲ್ಲಿ ಒಂದು ಶುಕ್ರವಾರ ಸಂಜೆ ಗೋಪುರದ ಸುತ್ತು ಮೆಟ್ಟಿಲು ಹತ್ತಿ ಹಗ್ಗ ಹಿಡಿದವಳು ಇನ್ನೂ ಬಿಟ್ಟಿಲ್ಲ.

ಸೇಂಟ್ ಓಸ್ವಾಲ್ಡ್ ಗೋಪುರದಲ್ಲಿ ಎಂಟು ಘಂಟೆ. ಎಂಟು ಹಗ್ಗ, ಹಗ್ಗಕ್ಕೊಬ್ಬರಂತೆ ಎಂಟು ಜನ ದುಂಡಗೆ ನಿಂತು ಎಳೆಯಬೇಕು. ರಾಗ ನುಡಿಸುವುದಿಲ್ಲ, ಘಂಟೆಗಳು ಹೊಡೆಯುವ ಸರದಿಯನ್ನು ಪ್ರತಿ ಸುತ್ತಿಗೂ ಬದಲಿಸುತ್ತ ಹೋಗುತ್ತಾರೆ. ಒಮ್ಮೆ ಬಂದ ಸರದಿ ಮತ್ತೆ ಬರಕೂಡದು. ಹೀಗೆ ಐದು ಸಾವಿರ ಸರದಿ ಮುಗಿಸಲು ಮೂರು ತಾಸು ಬೇಕು, ಅದಕ್ಕೆ ಪೀಲ್ ಎನ್ನುತ್ತಾರೆ. ನಡುವೆ ನಿಲ್ಲುವಂತಿಲ್ಲ, ಕೈ ಬದಲಿಸುವಂತಿಲ್ಲ, ನೀರು ಕುಡಿಯುವಂತಿಲ್ಲ, ಮಾತಾಡುವಂತಿಲ್ಲ. ಬಾಯಿ ತೆರೆಯುವ ಅಧಿಕಾರ ಮುಂದಾಳು ಒಬ್ಬನಿಗೆ ಮಾತ್ರ. ಯಾವ ಘಂಟೆ ಎಲ್ಲಿ ದಾರಿ ಬದಲಿಸಬೇಕೋ ಅಲ್ಲಿ ಅವನು "ಬಾಬ್!" ಎಂದು ಕೂಗುತ್ತಾನೆ. ಆ ಕೂಗು ಒಂದೇ ಒಂದು ತಪ್ಪಿದರೂ ಪೀಲ್ ಸುಳ್ಳಾಯಿತು. ತಮಾಷೆಯೆಂದರೆ ಕೆಳಗೆ ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ. ಸರಿಯೋ ಸುಳ್ಳೋ ನೋಡಲು ಯಾವ ತೀರ್ಪುಗಾರನೂ ಇಲ್ಲ. ಸರಿಯಾದರೆ ಗೋಪುರದ ಗೋಡೆಯ ಮರದ ಹಲಗೆಯ ಮೇಲೆ ಬಂಗಾರದ ಬಣ್ಣದಲ್ಲಿ ಎಂಟು ಹೆಸರು ಬರೆಸುತ್ತಾರೆ, ಸುಳ್ಳಾದರೆ ಬಾಯಿ ಮುಚ್ಚಿಕೊಂಡು ಮನೆಗೆ ಹೋಗುತ್ತಾರೆ. ಮನುಷ್ಯರು ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಪ್ರಾಮಾಣಿಕರಾಗಿರುವುದನ್ನು ನೀವು ಬೇರೆಲ್ಲೂ ಕಾಣಲಾರಿರಿ.

ಆ ಹಲಗೆಯ ಮೇಲೆ ಮೇವಿಸಳ ಹೆಸರಿರಲಿಲ್ಲ. ಮುಕ್ಕಾಲು ತಾಸಿನ ಕಾಲು ಪೀಲ್‌ಗಳನ್ನು ಲೆಕ್ಕವಿಲ್ಲದಷ್ಟು ಎಳೆದಿದ್ದಳು, ಪೂರ್ತಿ ಪೀಲ್ ಒಂದೂ ಇಲ್ಲ. ಎಳೆಯಲು ಬಿಡದವನು ಅರ್ನಾಲ್ಡ್ ಸಗ್ಡನ್. ಕೊಳಾಯಿ ರಿಪೇರಿ ಮಾಡಿ ಬದುಕಿದವನು, ಅವಳಿಗಿಂತ ಹತ್ತು ವರ್ಷ ದೊಡ್ಡವನು, ಗೋಪುರದ ಮುಂದಾಳು. ಮಾತು ಕಡಿಮೆ, ಹುಬ್ಬು ದಪ್ಪ. ಮೇವಿಸ್ ಇಪ್ಪತ್ತೆಂಟರ ಹರೆಯದಲ್ಲಿದ್ದಾಗ ಒಂದು ಸಂಜೆ ಅಭ್ಯಾಸದ ನಡುವೆ ಸಕ್ಕರೆ ಇಳಿದು ಹಗ್ಗ ಕೈಬಿಟ್ಟು ಕುಸಿದಿದ್ದಳು. ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಆ ಇಕ್ಕಟ್ಟಿನ ಮೆಟ್ಟಿಲು ಇಳಿದವನು ಅರ್ನಾಲ್ಡ್. ಪಾದ್ರಿಯ ಅಡುಗೆಮನೆಗೆ ನುಗ್ಗಿ ಜಾಮ್ ಬಾಟಲಿಗೆ ಬೆರಳು ಅದ್ದಿ ಅವಳ ಬಾಯಿಗೆ ಹಚ್ಚಿದವನೂ ಅವನೇ. ಅವತ್ತಿನಿಂದ ಅವನ ಕಾಯಿದೆ ಒಂದೇ: ಮೇವಿಸ್‌ಗೆ ಕಾಲು ಪೀಲ್ ಸಾಕು. ಅವಳು ಜಗಳವಾಡಿದಳು, ಮುನಿಸಿಕೊಂಡಳು, ಒಂದು ಚಳಿಗಾಲ ಪೂರ್ತಿ ಅವನ ಹತ್ತಿರ ಮಾತು ಬಿಟ್ಟಳು. ಅವನು ಜಗ್ಗಲಿಲ್ಲ. ಅವಳು ಕಸ್ಟರ್ಡ್ ತಿರುವುತ್ತ ಪೀಲಿನ ಕೂಗುಗಳನ್ನೆಲ್ಲ ಒಂದೊಂದಾಗಿ ಬಾಯಿಪಾಠ ಮಾಡಿಕೊಂಡು ಕಾದಳು.

ಈ ಊರಿನವರಿಗೆ ಇನ್ನೊಂದು ಹುಚ್ಚಿದೆ. ಯಾವುದಾದರೂ ಒಳ್ಳೆಯ ಕೆಲಸಕ್ಕೆ ದುಡ್ಡು ಕೂಡಿಸಬೇಕಾದರೆ ಸುಮ್ಮನೆ ಡಬ್ಬಿ ಹಿಡಿದು ಬರುವವರನ್ನು ಕಂಡರೆ ಆಗುವುದಿಲ್ಲ. ಕೇಳುವವನು ಮೊದಲು ಮೈ ದಂಡಿಸಬೇಕು, ಆಮೇಲೆ ಇವರು ಜೇಬಿಗೆ ಕೈ ಹಾಕುತ್ತಾರೆ. ಒಬ್ಬ ಕರಡಿ ವೇಷ ಹಾಕಿ ಗುಡ್ಡ ಹತ್ತುತ್ತಾನೆ, ಇನ್ನೊಬ್ಬಳು ಹಾಸಿಗೆಗೆ ಗಾಲಿ ಕಟ್ಟಿ ಊರೆಲ್ಲ ತಳ್ಳುತ್ತಾಳೆ. ಟ್ರೆವರ್ ಒಂದು ಇಡೀ ದಿನ ಅಂಗಡಿಯ ಮುಂದೆ ಸ್ನಾನದ ತೊಟ್ಟಿಗೆ ಬೇಯಿಸಿದ ಬೀನ್ಸ್ ತುಂಬಿಸಿ ಅದರೊಳಗೆ ಕೂತಿದ್ದ.

ಒಂದು ಶುಕ್ರವಾರ ಅಭ್ಯಾಸ ಮುಗಿಸಿ ಎಲ್ಲರೂ ಫ್ಲೀಸ್ ಎಂಬ ಪಬ್ಬಿನಲ್ಲಿ ಕೂತಿದ್ದರು. ಟ್ರೆವರ್‌ನ ಬೀನ್ಸ್ ಕತೆ ಮತ್ತೊಮ್ಮೆ ಮುಗಿದಿತ್ತು.

"ನಾನೂ ಒಂದು ಮಾಡ್ತೀನಿ," ಎಂದಳು ಮೇವಿಸ್. "ಸಕ್ಕರೆ ಕಾಯಿಲೆ ಸಂಶೋಧನೆಗೆ."

"ತೊಟ್ಟಿ ಖಾಲಿ ಇದೆ ಮಿಸೆಸ್ ಕ್ಲೆಗ್, ಬೇಕಾದ್ರೆ ಕೊಡ್ತೀನಿ," ಎಂದ ಟ್ರೆವರ್.

"ತೊಟ್ಟಿ ನೀನೇ ಇಟ್ಕೋ. ನಾನು ಪೀಲ್ ಎಳೀತೀನಿ. ಪೂರ್ತಿ."

ಅರ್ನಾಲ್ಡ್‌ನ ಬಿಯರ್ ಗ್ಲಾಸು ತುಟಿಯವರೆಗೆ ಹೋಗಿ ಅಲ್ಲೇ ನಿಂತಿತು. "ಆಗಲ್ಲ," ಎಂದ.

"ಯಾಕಾಗಲ್ಲ?"

"ಯಾಕೇಂತ ನಿನಗೂ ಗೊತ್ತು, ನನಗೂ ಗೊತ್ತು."

"ಇವರಿಗೆ ಗೊತ್ತಿಲ್ಲ. ಎಲ್ಲರ ಮುಂದೆ ಹೇಳು."

"ನಡುವೆ ನೀನು ಬಿದ್ದುಬಿಟ್ರೆ ಏಳು ಜನ ಪಟ್ಟ ಪಾಡು ನೀರುಪಾಲು ಕಣೇ ಹುಡುಗಿ."

"ಹುಡುಗಿಗೆ ಅರವತ್ತೇಳಾಯ್ತು. ನಾನು ಬಿದ್ದು ನಲವತ್ತು ವರ್ಷ ಆಗ್ತಾ ಬಂತು. ಅಷ್ಟರಲ್ಲಿ ನೀನು ಎಷ್ಟು ಸಲ ಬಿದ್ದಿದೀಯ ಹೇಳ್ಲಾ? ಈ ಫ್ಲೀಸ್ ಬಾಗಿಲಲ್ಲೇ ಎರಡು ಸಲ."

ಪಬ್ಬಿಗೆ ಪಬ್ಬೇ ಹೋ ಎಂದು ನಕ್ಕಿತು. ಟ್ರೆವರ್ ಎದ್ದು ನಿಂತು, "ನನ್ನ ಲೆಕ್ಕದಲ್ಲಿ ಇಪ್ಪತ್ತು ಪೌಂಡ್," ಎಂದ. ಬೆಳಗಾಗುವುದರೊಳಗೆ ಸುದ್ದಿ ಊರ ಮೇಲಿನ ತುದಿಯಿಂದ ಕೆಳಗಿನ ತುದಿ ಮುಟ್ಟಿತ್ತು. ಔಷಧದ ಅಂಗಡಿಯ ಅಸ್ಲಮ್, ಮೇವಿಸಳ ಇನ್ಸುಲಿನ್ ಪೊಟ್ಟಣ ಕೈಗೆ ಕೊಡುತ್ತ, "ಅಮ್ಮನ ಹೆಸರಲ್ಲಿ ಐವತ್ತು ಹಾಕ್ಕೊಳ್ಳಿ ಮಿಸೆಸ್ ಕ್ಲೆಗ್. ಆಕೆಗೂ ಇದೇ ಗೋಳು," ಎಂದ. ಇಡೀ ಊರು ಮಾತು ಕೊಟ್ಟ ಮೇಲೆ ಅರ್ನಾಲ್ಡ್ ಒಬ್ಬ ಅಡ್ಡ ನಿಲ್ಲುವುದು ಹೇಗೆ? ಭಾನುವಾರ ಪ್ರಾರ್ಥನೆ ಮುಗಿಸಿಕೊಂಡು ಮುಖ ಗಂಟು ಹಾಕಿಕೊಂಡೇ ಮೇವಿಸಳ ಬಾಗಿಲು ಬಡಿದ.

"ಎರಡೂ ಕೈ ಹಗ್ಗದ ಮೇಲಿರತ್ತೆ. ಸಕ್ಕರೆ ಇಳಿದ್ರೆ ಹ್ಯಾಗೆ ತಿಂತೀಯ? ಅದನ್ನ ಹೇಳು ಮೊದಲು."

ಇದಕ್ಕೆ ಉತ್ತರ ತಂದವನು ಡೆನಿಸ್. ಪತ್ರಿಕೆ ತರಲು ಹೋದವನು ಅಂಗಡಿಯಲ್ಲಿ ಚಿಕ್ಕ ಮಕ್ಕಳಿಗೆಂದು ತೂಗುಹಾಕಿದ್ದ ಮಿಠಾಯಿ ಸರ ಹಿಡಿದುಕೊಂಡು ಬಂದ. ರಬ್ಬರ್ ದಾರದಲ್ಲಿ ಪೋಣಿಸಿದ ಗುಲಾಬಿ, ಹಳದಿ, ಹಸಿರು ಸಕ್ಕರೆ ಬಿಲ್ಲೆಗಳು. ಕತ್ತಿಗೆ ಹಾಕಿಕೊಂಡು, ಬೇಕಾದಾಗ ಗದ್ದ ತಗ್ಗಿಸಿ ಹಲ್ಲಿನಿಂದಲೇ ಒಂದೊಂದು ಕಿತ್ತು ತಿನ್ನಬಹುದು.

"ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನೀನು ತಂದ ಮೊದಲನೇ ಸರ ಇದು," ಎಂದಳು ಮೇವಿಸ್.

"ಏನು?" ಎಂದ ಡೆನಿಸ್.

"ಚೆನ್ನಾಗಿದೆ ಅಂದೆ!"

ಅರ್ನಾಲ್ಡ್ ಸರವನ್ನು ಎಳೆದು ನೋಡಿದ, ಮೂಸಿ ನೋಡಿದ, ಕೊನೆಗೆ ಒಂದು ಷರತ್ತು ಹಾಕಿದ. ಮೇವಿಸಳ ತೋಳಿಗೆ ಅಂಟಿಸಿದ ಪುಟ್ಟ ಬಿಲ್ಲೆಯೊಂದು ಮೈಯೊಳಗಿನ ಸಕ್ಕರೆ ಎಷ್ಟೆಂದು ಆಗಾಗ ಅವಳ ಫೋನಿಗೆ ತಿಳಿಸುತ್ತದೆ. ಅಲ್ಲಿಯ ಲೆಕ್ಕದಲ್ಲಿ ಸಂಖ್ಯೆ ನಾಲ್ಕಕ್ಕಿಂತ ಕೆಳಗಿಳಿದರೆ ಅಪಾಯ. ಆ ಫೋನು ಪೀಲ್ ನಡೆಯುವಾಗ ಕಿಟಕಿಯ ಕಟ್ಟೆಯ ಮೇಲೆ ಅವನಿಗೆ ಕಾಣುವಂತೆ ಇರಬೇಕು.

"ಅದು ಹೇಳೋದು ಹಳೇ ಸಮಾಚಾರ ಕಣಯ್ಯ," ಎಂದಳು ಅವಳು. "ಹತ್ತು ಹದಿನೈದು ನಿಮಿಷ ಹಿಂದಿನದು. ನಾನು ಸಕ್ಕರೆ ತಿಂದು ಸರಿಹೋಗಿದ್ರೂ ಅದು ಇನ್ನೂ ಇಳೀತಿದೆ ಇಳೀತಿದೆ ಅಂತಲೇ ಇರತ್ತೆ."

"ಕಾಣೋ ಹಾಗೆ ಇರಬೇಕು."

"ಅದನ್ನ ನೋಡೋ ಬದಲು ನನ್ನ ಕೇಳು."

"ಪೀಲ್ ನಡೆಯುವಾಗ ಮಾತಾಡೋ ಹಾಗಿಲ್ಲ," ಎಂದ ಅರ್ನಾಲ್ಡ್. ಅದು ನಿಜವೇ ಆದ್ದರಿಂದ ಮೇವಿಸ್ ಒಪ್ಪಿಕೊಂಡಳು.

ವಸಂತವೆಲ್ಲ ಅವಳು ತೋಳು ಗಟ್ಟಿ ಮಾಡಿಕೊಂಡಳು. ಪೇಟೆಯಿಂದ ಬಸ್ ಹತ್ತದೆ, ಎರಡು ಕೈಯಲ್ಲೂ ಆಲೂಗಡ್ಡೆ ಚೀಲ ತೂಗಿಸಿಕೊಂಡು ಏರು ಹತ್ತಿದಳು. ದಾರಿಯಲ್ಲಿ ಹಳೆಯ ಶಾಲೆಮಕ್ಕಳು ಕಾರು ನಿಲ್ಲಿಸಿ ಹತ್ತಿಸಿಕೊಳ್ಳಲು ಬಂದರೆ ಬೈದು ಕಳಿಸಿದಳು. ಡೆನಿಸ್ ಆ ಆಲೂಗಡ್ಡೆಗಳನ್ನು ತಿಂದು ತಿಂದು ಸೋತುಹೋದ.

ಜೂನ್ ತಿಂಗಳ ಒಂದು ಶನಿವಾರ. ಚರ್ಚಿನ ಸುತ್ತ ಹುಲ್ಲಿನ ಮೇಲೆ ಊರವರು ಮಡಚುವ ಕುರ್ಚಿ, ಫ್ಲಾಸ್ಕು, ಬಿಸಿಲಿದ್ದರೂ ಬೇಕಾಗಬಹುದೆಂದು ಕೊಡೆ, ಎಲ್ಲ ತಂದು ಬೀಡುಬಿಟ್ಟರು. ಟ್ರೆವರ್ ಸಾಸೇಜ್ ಬನ್ ಸುಡುತ್ತಿದ್ದ. ಅಸ್ಲಮ್‌ನ ಹೆಂಡತಿ ದೊಡ್ಡ ತಟ್ಟೆಯಲ್ಲಿ ಸಮೋಸ ಕಳಿಸಿದ್ದಳು. ಮೇವಿಸ್ ಹೂವಿನ ಚಿತ್ತಾರದ ಅಂಗಿಯ ಮೇಲೆ ಮೂರು ಮಿಠಾಯಿ ಸರ ಹಾಕಿಕೊಂಡು ಮದುಮಗಳ ಹಾಗೆ ಹುಲ್ಲು ದಾಟಿ ಹೋದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮೇಲೆ ಗೋಪುರದ ಕೋಣೆಯಲ್ಲಿ ಎಂಟು ಜನ ದುಂಡಗೆ ನಿಂತರು. ಮೇವಿಸ್ ಮೂರನೆಯ ಹಗ್ಗಕ್ಕೆ, ಅರ್ನಾಲ್ಡ್ ಎದುರಿಗೆ ಏಳನೆಯದಕ್ಕೆ. ಫೋನು ಕಿಟಕಿಯ ಮೇಲೆ. ಒಬ್ಬಳು ಬಾಗಿಲು ಹಾಕಿದಳು. ಮೊದಲ ಘಂಟೆ ಎದ್ದಿತು, ಅದರ ಹಿಂದೆ ಉಳಿದವು.

ಮೊದಲ ತಾಸು ಕಳೆದದ್ದೇ ಗೊತ್ತಾಗಲಿಲ್ಲ. ಎರಡನೆಯದರಲ್ಲಿ ಹೆಗಲು ಉರಿಯತೊಡಗಿತು. ಅಂಗೈ ಬಿಸಿಯಾಯಿತು, ಬೆವರು ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಕೈ ಇಲ್ಲ. ಆದರೂ ಅವಳಿಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷ ಬಾಯಿಪಾಠ ಮಾಡಿದ್ದೆಲ್ಲ ಈಗ ತನ್ನ ಕೈಯೊಳಗಿಂದ ಹಾದು ಮೇಲೆ ಹೋಗಿ ಊರಿಗೆಲ್ಲ ಕೇಳುತ್ತಿದೆ. ಅರ್ನಾಲ್ಡ್ "ಬಾಬ್!" ಎನ್ನುವ ಒಂದು ಗಳಿಗೆ ಮೊದಲೇ ಅವಳ ಮನಸ್ಸು ಬಾಬ್ ಎಂದಿರುತ್ತಿತ್ತು.

ಮೂರನೆಯ ತಾಸಿನಲ್ಲಿ ತುಟಿಯ ಸುತ್ತ ಜುಮ್ಮೆಂದಿತು. ಅದರ ಗುರುತು ಅವಳಿಗೆ ತನ್ನ ಅಂಗೈಯಷ್ಟೇ ಚೆನ್ನಾಗಿ ಗೊತ್ತು. ಗದ್ದ ತಗ್ಗಿಸಿ ಒಂದು ಗುಲಾಬಿ ಬಿಲ್ಲೆ ಕಿತ್ತಳು, ಇನ್ನೊಂದು, ಮತ್ತೊಂದು. ಹಗ್ಗ ಇಳಿಯುವಾಗ ಕಚ್ಚುವುದು, ಏರುವಾಗ ಅಗಿಯುವುದು. ಎದುರಿಗಿದ್ದವರು ನಗು ತಡೆದುಕೊಳ್ಳಲು ಹಲ್ಲು ಕಚ್ಚಿಕೊಂಡರು. ಒಂದು ಸರ ಮುಗಿಯುವಷ್ಟರಲ್ಲಿ ಜುಮ್ಮೆನ್ನುವುದು ನಿಂತಿತು, ಕಾಲು ನೆಲಕ್ಕೆ ಊರಿತು. ಮೇವಿಸ್ ಸರಿಹೋದಳು.

ಫೋನು ಮಾತ್ರ ಆಗ ಎಚ್ಚೆತ್ತು ಕಿರುಚಿಕೊಂಡಿತು. ಸಂಖ್ಯೆ ಕೆಂಪಗೆ, ಪಕ್ಕದಲ್ಲಿ ಕೆಳಮುಖದ ಬಾಣ. ಮೇವಿಸ್ ಅರ್ನಾಲ್ಡ್ ಕಡೆ ನೋಡಿ ತಲೆಯಾಡಿಸಿದಳು, ಏನಿಲ್ಲ, ಏನಿಲ್ಲ ಎಂಬಂತೆ. ಅವನು ಅವಳನ್ನು ನೋಡಲೇ ಇಲ್ಲ. ಅವನ ಕಣ್ಣು ಕಿಟಕಿಯ ಮೇಲೆ ನೆಟ್ಟುಹೋಗಿತ್ತು. ಮುಖದ ರಕ್ತವೆಲ್ಲ ಇಳಿದಿತ್ತು. ಸಂಖ್ಯೆ ಇನ್ನಷ್ಟು ಇಳಿಯಿತು.

ಬರಬೇಕಾದ ಜಾಗಕ್ಕೆ ಬಾಬ್ ಬರಲಿಲ್ಲ.

ಮೇವಿಸಳ ಮನಸ್ಸು ಕೂಗಿತು, ಅರ್ನಾಲ್ಡ್ ಕೂಗಲಿಲ್ಲ. ಘಂಟೆಗಳು ಹಿಂದಿನ ದಾರಿಯಲ್ಲೇ ಮುಂದೆ ಸಾಗಿದವು. ಉಳಿದವರು ತಮ್ಮ ತಮ್ಮ ಹಗ್ಗದ ಮೇಲೇ ಗಮನವಿಟ್ಟು ಎಳೆಯುತ್ತಿದ್ದರು, ಅವರಿಗೆ ಪತ್ತೆ ಹತ್ತಲಿಲ್ಲ. ಕೆಳಗಿನವರಿಗಂತೂ ಎಲ್ಲ ಸುಖವಾಗಿಯೇ ಇತ್ತು. ಆಮೇಲೆ ಅರ್ನಾಲ್ಡ್‌ಗೆ ಎಚ್ಚರವಾಯಿತು. ಕಿಟಕಿಯಿಂದ ಕಣ್ಣು ಕಿತ್ತು ಅವಳ ಕಡೆ ತಿರುಗಿಸಿದ. ಅವಳಿಗೆ ಗೊತ್ತಾಗಿದೆ ಎಂಬುದು ಅವನಿಗೂ ಗೊತ್ತಾಯಿತು.

ಇನ್ನು ಕಾಲು ತಾಸು ಉಳಿದಿತ್ತೋ ಏನೋ. ಹಳೆಯ ಹುಲಿ ಅವನು. ಮುಂದೆಲ್ಲೋ ಒಂದು ಬಾಬ್ ಕೂಗಿ, ಅಲ್ಲಿ ಇಲ್ಲಿ ತೇಪೆ ಹಾಕಿ, ಪೀಲನ್ನು ಮನೆ ಮುಟ್ಟಿಸುವುದು ಅವನಿಗೆ ಕಷ್ಟವಿರಲಿಲ್ಲ. ಅವನು ಉಸಿರೆಳೆದುಕೊಂಡ ರೀತಿಯಿಂದಲೇ ಮೇವಿಸ್‌ಗೆ ತಿಳಿಯಿತು, ತೇಪೆ ಹಾಕಲು ಹೊರಟಿದ್ದಾನೆ. ಹುಟ್ಟಿದ ಮೇಲೆ ಒಂದೂ ಸುಳ್ಳು ಪೀಲ್ ಒಪ್ಪದ ಮನುಷ್ಯ ಇವತ್ತು ಅವಳಿಗಾಗಿ ಸುಳ್ಳಾಡಲು ಬಾಯಿ ತೆರೆದಿದ್ದ. ಒಂದು ಗಳಿಗೆ, ಒಂದೇ ಗಳಿಗೆ, ಆಗಲಿ ಅನ್ನಿಸಿತು. ಬಂಗಾರದ ಅಕ್ಷರದಲ್ಲಿ ಹೆಸರು, ಕೇಳುವವರು ಯಾರು? ಆದರೆ ಶುಕ್ರವಾರ ಶುಕ್ರವಾರ ಆ ಹಲಗೆಯ ಕೆಳಗೆ ಅವನೂ ತಾನೂ ಎದುರುಬದುರು ನಿಲ್ಲಬೇಕಲ್ಲ, ಸಾಯುವ ತನಕ.

"ಅರ್ನಾಲ್ಡ್," ಎಂದಳು ಮೇವಿಸ್. "ನಿಲ್ಲಿಸು. ತಪ್ಪಿದೆ."

ಮುಂದಾಳನ್ನು ಬಿಟ್ಟು ಬೇರೆ ದನಿ ಆ ಕೋಣೆಯಲ್ಲಿ ಪೀಲಿನ ನಡುವೆ ಎದ್ದದ್ದು ಅದೇ ಮೊದಲು. ಘಂಟೆಗಳು ಒಂದೊಂದಾಗಿ ನಿಂತವು. ಕೆಳಗೆ ಎಲ್ಲ ಮುಗಿಯಿತೆಂದು ತಿಳಿದು ಊರು ಶಿಳ್ಳೆ ಹೊಡೆಯತೊಡಗಿತು.

ಅರ್ನಾಲ್ಡ್ ಹಗ್ಗ ಕಟ್ಟಿ ಬೆಂಚಿನ ಮೇಲೆ ಕುಸಿದ. "ನಿನ್ನ ನಂಬರ್ ನೋಡ್ತಾ ಇದ್ದೆ," ಎಂದ.

"ಗೊತ್ತು."

"ಎರಡು ಮುಕ್ಕಾಲಿಗೆ ಇಳಿದಿತ್ತು ಕಣೇ."

"ಅದು ಹಿಂದಿನದು. ಈಗ ನೋಡು."

ನೋಡಿದರೆ ಆರು. ಬಾಣ ಮೇಲ್ಮುಖ. ಅರ್ನಾಲ್ಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಮೇವಿಸ್ ಕೆಳಗಿಳಿದು ಚರ್ಚಿನ ಮೆಟ್ಟಿಲ ಮೇಲೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದಳು. ಪೀಲ್ ಪೂರ್ತಿಯಾಗಲಿಲ್ಲ, ಒಂದು ಕಡೆ ತಪ್ಪಿತು, ಯಾರು ತಪ್ಪಿದ್ದು ಎಂದು ಕೇಳಬೇಡಿ, ದುಡ್ಡು ವಾಪಸ್ ಬೇಕಾದವರು ಈಗಲೇ ಕೇಳಿ. ಜನ ಒಬ್ಬರ ಮುಖ ಒಬ್ಬರು ನೋಡಿದರು.

"ನನ್ನ ಬನ್ನೆಲ್ಲ ಖಾಲಿ ಆಗಿದೆ," ಎಂದು ಟ್ರೆವರ್ ಕೂಗಿದ. "ನನ್ನ ಕೇಳಿದ್ರೆ ತಿಂಗಳಿಗೊಂದು ಸಲ ತಪ್ಪಿಸಿ ಮಿಸೆಸ್ ಕ್ಲೆಗ್!"

ವಾಪಸ್ ಕೇಳಿದವರು ಒಬ್ಬರೂ ಇಲ್ಲ. ಸಂಶೋಧನೆಗೆ ಹೋಗಬೇಕಾದ ದುಡ್ಡು ಪೂರ್ತಿಯಾಗಿ ಹೋಯಿತು. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಮೇವಿಸ್ ಅತ್ತಳು. ಸದ್ದು ಕೇಳದಿದ್ದರೂ ಬೆನ್ನು ಅಲುಗುವುದು ಕಂಡು ಡೆನಿಸ್ ಎದ್ದು ಬಂದು ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ನಿಂತ.

ಮುಂದಿನ ಶುಕ್ರವಾರ ಅರ್ನಾಲ್ಡ್ ಅಭ್ಯಾಸಕ್ಕೆ ಬರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಮೇವಿಸ್ ಹುಡುಕಿಕೊಂಡು ಹೋದಾಗ ಹಿತ್ತಲಿನಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ.

"ಬೇರೆ ಮುಂದಾಳನ್ನ ಹುಡುಕ್ಕೊಳ್ಳಿ," ಎಂದ, ತಲೆ ಎತ್ತದೆ. "ನಲವತ್ತು ವರ್ಷ ನೀನು ಪೀಲ್ ಕೆಡಿಸ್ತೀಯ ಅಂತ ನಿನ್ನ ದೂರ ಇಟ್ಟೆ. ಕೊನೆಗೆ ಕೆಡಿಸಿದ್ದು ನಾನು."

"ಹೌದು, ನೀನೇ." ಮೇವಿಸ್ ಎದುರಿಗೆ ಕೂತು ತಾನೂ ಒಂದು ಹಿಡಿ ಬಟಾಣಿ ಎತ್ತಿಕೊಂಡಳು. "ಅದಕ್ಕೇ ಸರಿಮಾಡಬೇಕಾದವನೂ ನೀನೇ."

ಅವನು ಇನ್ನೊಂದು ಬಟಾಣಿ ಬಿಡಿಸಿ ಹೇಳಿದ, "ಪೀಲ್ ಕೆಡತ್ತೆ ಅನ್ನೋದೆಲ್ಲ ನೆಪ ಕಣೇ. ಅವತ್ತು ನಿನ್ನ ಹೊತ್ಕೊಂಡು ಇಳಿದೆನಲ್ಲ, ನೀನು ಹೋಗೇಬಿಟ್ಟೆ ಅನ್ಕೊಂಡಿದ್ದೆ. ಮೆಟ್ಟಿಲು ಮೆಟ್ಟಿಲಿಗೂ ಮೇವಿಸ್, ಹ್ಯಾಗಿದೀಯ, ಹ್ಯಾಗಿದೀಯ ಅಂತ ಕೇಳ್ತಾನೇ ಇದ್ದೆ. ನೀನು ಒಂದು ಸಲಾನೂ ಉತ್ತರ ಕೊಡ್ಲಿಲ್ಲ."

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಇಷ್ಟು ವರ್ಷ ಅವನನ್ನು ಮೊಂಡ, ಜಂಬದ ಕೋಳಿ ಎಂದೆಲ್ಲ ಬೈದದ್ದು ನೆನಪಾಗಿ ಮೇವಿಸ್‌ಗೆ ಅಯ್ಯೋ ಅನ್ನಿಸಿತು.

"ಇನ್ನೊಂದು ಸಲ ಎಳೆಯೋಣ," ಎಂದಳು. "ಆದ್ರೆ ಫೋನು ನನ್ನ ಜೇಬಲ್ಲಿ. ನೀನು ನೋಡೋ ಹಾಗಿಲ್ಲ."

"ನನ್ನಿಂದಾಗಲ್ಲ."

"ನನ್ನಿಂದ ಮೂರು ತಾಸು ಎಳೆಯೋಕಾಗತ್ತೆ, ನಿನ್ನಿಂದ ಮೂರು ತಾಸು ನೋಡದೆ ಇರೋಕಾಗಲ್ವಾ?"

ಅರ್ನಾಲ್ಡ್ ಬಟಾಣಿ ಬುಟ್ಟಿಯನ್ನು ಅವಳ ಕಡೆ ತಳ್ಳಿದ. "ಸಿಪ್ಪೆ ಆ ಕಡೆ ಹಾಕು," ಎಂದ. ಒಪ್ಪಿಗೆ ಕೊಡುವಾಗ ಅವನು ಹಾಗೇ.

ಸೆಪ್ಟೆಂಬರ್‌ನಲ್ಲಿ ಎರಡನೆಯ ಸಲ ಎಳೆದರು. ಸಣ್ಣಗೆ ಮಳೆ ಹನಿಯುತ್ತಿತ್ತು. ಹೊರಗೆ ಊರವರು ಯಾರೂ ಇರಲಿಲ್ಲ, ಹುಲ್ಲಿನ ಮೇಲೆ ಕೊಡೆ ಹಿಡಿದು ಡೆನಿಸ್ ಒಬ್ಬನೇ ಕೂತಿದ್ದ. ಮೇವಿಸ್ ಹೊಸದಾಗಿ ಮೂರು ಸರ ಹಾಕಿಕೊಂಡಿದ್ದಳು. ಫೋನಿನ ಸದ್ದು ಅಡಗಿಸಿ ಸ್ವೆಟರ್ ಜೇಬಿಗೆ ಹಾಕಿ ಗುಂಡಿ ಹಾಕಿದಳು. ಅರ್ನಾಲ್ಡ್ ಆ ಗುಂಡಿಯನ್ನು ಒಂದು ಸಲ ನೋಡಿ ಹಗ್ಗ ಹಿಡಿದ.

ಎರಡು ತಾಸು ದಾಟಿದ ಮೇಲೆ ಜೇಬು ಗುರ್ರೆಂದಿತು. ಅರ್ನಾಲ್ಡ್‌ಗೂ ಕೇಳಿಸಿತು. ಅವನ ದವಡೆ ಬಿಗಿಯಿತು, ಕತ್ತಿನ ನರ ಉಬ್ಬಿತು. ಮೇವಿಸ್ ಆಗಲೇ ಅರ್ಧ ಸರ ನುಂಗಿದ್ದಳು. ಅವನ ಕ್ಲೇಶ ನೋಡಲಾರದೆ, ಹಸಿರು ಬಿಲ್ಲೆಯೊಂದನ್ನು ಹಲ್ಲಿನ ನಡುವೆ ಕಚ್ಚಿ ತೋರಿಸಿದಳು, ಶಾಲೆಯ ಮಕ್ಕಳು ಅವಳಿಗೆ ತೋರಿಸುತ್ತಿದ್ದ ಹಾಗೆ. ಅವನು ನೋಡಿದ. ಕಣ್ಣು ಮತ್ತೆ ಹಗ್ಗಗಳ ಮೇಲೆ ಹೋಯಿತು.

"ಬಾಬ್!" ಎಂದ. ಸರಿಯಾದ ಜಾಗದಲ್ಲಿ.

ಅಲ್ಲಿಂದ ಮುಂದೆ ಎಲ್ಲ ಕೂಗುಗಳೂ ಬಂದವು, ಒಂದರ ಹಿಂದೆ ಒಂದು. ತೋಳು ಯಾರದೋ ಎನ್ನುವಂತಾಗಿತ್ತು. ಕೊನೆಯಲ್ಲಿ ಘಂಟೆಗಳು ಹೊರಟ ಸರದಿಗೇ ತಿರುಗಿ ಬಂದು, ಒಂದರಿಂದ ಎಂಟರವರೆಗೆ ಮೆಟ್ಟಿಲಿಳಿಯುವ ಹಾಗೆ ಹೊಡೆದು ನಿಂತವು. ಏಳು ಜನ ಮೇವಿಸಳನ್ನು ತಬ್ಬಿಕೊಳ್ಳಲು ನುಗ್ಗಿದರು ಎನ್ನೋಣವೆಂದರೆ ಆರೇ ಜನ. ಅರ್ನಾಲ್ಡ್ ತನ್ನ ಹಗ್ಗದ ಹತ್ತಿರವೇ ನಿಂತಿದ್ದ.

"ಈಗ ನೋಡಬಹುದಾ?" ಎಂದ.

ಮೇವಿಸ್ ಗುಂಡಿ ಬಿಚ್ಚಿ ಫೋನು ತೆಗೆದು ಅವನ ಕೈಗಿಟ್ಟಳು. ಅವನು ಕನ್ನಡಕ ಹುಡುಕಿ ಹಾಕಿಕೊಂಡ, ಸಂಖ್ಯೆ ನೋಡಿದ, ಐದೂವರೆ. ಬಾಣ ಸಮವಾಗಿತ್ತು. ಅವನ ಹುಬ್ಬು ಸಡಿಲಲಿಲ್ಲ.

"ಇದು ಕಾಲು ಗಂಟೆ ಹಿಂದಿನದಲ್ವಾ?" ಎಂದು ಫೋನನ್ನು ಹಿಂದಕ್ಕೆ ಕೊಟ್ಟು ಅವಳ ಮುಖ ನೋಡಿದ. "ಈಗ ಹ್ಯಾಗಿದೀಯ ಮೇವಿಸ್?"

"ಚೆನ್ನಾಗಿದೀನಿ ಅರ್ನಾಲ್ಡ್," ಎಂದಳು ಅವಳು. "ತುಂಬ ಚೆನ್ನಾಗಿದೀನಿ."